ಸೊಂಟದ ಲೆಕ್ಕ: ಭಾರಕ್ಕಿಂತ ದೂರ ಮುಖ್ಯ

ಬೆಳಿಗ್ಗೆ ಏಳು ಗಂಟೆ. ಕುಡಿಯುವ ನೀರಿನ ೨೦ ಲೀಟರ್ ಕ್ಯಾನನ್ನು ಹುಡುಗ ಬಾಗಿಲಲ್ಲಿ ಇಳಿಸಿ ಹೋಗಿದ್ದಾನೆ. ಆಗಷ್ಟೇ ಹಾಸಿಗೆಯಿಂದ ಎದ್ದ ಮನೆಯ ಯಜಮಾನರು ನಿಂತಲ್ಲಿಂದಲೇ ಬಗ್ಗಿ, ಕೈ ಮುಂದಕ್ಕೆ ಚಾಚಿ ಅದನ್ನು ಎತ್ತಲು ಹೋಗುತ್ತಾರೆ. ಸೊಂಟದಲ್ಲಿ 'ಚಳಕ್' ಎನ್ನುತ್ತದೆ. ಕ್ಯಾನು ಅಲ್ಲೇ ಉಳಿಯುತ್ತದೆ. ಅವರು ಗೋಡೆ ಹಿಡಿದುಕೊಂಡು ಮಂಚ ಸೇರುತ್ತಾರೆ. 'ವಾಯು ಹಿಡಿದಿದೆ' ಎನ್ನುತ್ತಾರೆ ಮನೆಯ ಹಿರಿಯರು. 'ಡಿಸ್ಕ್ ಜಾರಿರಬೇಕು, ಒಂದು ತಿಂಗಳು ಅಲುಗಾಡಬೇಡಿ' ಎನ್ನುತ್ತಾರೆ ಪಕ್ಕದ ಮನೆಯವರು.

ಎರಡೂ ಮಾತು ಸರಿಯಲ್ಲ. ಎರಡನೆಯದಂತೂ ಅಪಾಯಕಾರಿ ಸಲಹೆ. ೨೦೨೦ರಲ್ಲಿ ಜಗತ್ತಿನಾದ್ಯಂತ ಸುಮಾರು ೬೧.೯ ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರು ಎಂಬುದು ತಜ್ಞರ ಅಂದಾಜು. ಇಷ್ಟು ಸಾಮಾನ್ಯವಾದ ತೊಂದರೆಯನ್ನು ಅರ್ಥ ಮಾಡಿಕೊಳ್ಳಲು ಎರಡು ಪಾಠ ಸಾಕು: ಒಂದು ಸೊಂಟದ ರಚನೆ, ಇನ್ನೊಂದು ಶಾಲೆಯಲ್ಲಿ ಕಲಿತು ಮರೆತ ಸನ್ನೆಯ ಲೆಕ್ಕ.

ಐದು ಮಣಿಗಳ ಹೊರೆ

ಬೆನ್ನುಮೂಳೆ ಒಂದೇ ಕೋಲಲ್ಲ. ಕತ್ತಿನಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಹೀಗೆ ಅಲುಗಾಡಬಲ್ಲ ೨೪ ಮಣಿಗಳು ಒಂದರ ಮೇಲೊಂದು ಕುಳಿತಿವೆ. ಅವುಗಳ ಕೆಳಗೆ ಐದು ಮಣಿಗಳು ಬೆಸೆದು ಆದ ತ್ರಿಕಾಸ್ಥಿ, ಅದರ ತುದಿಗೆ ಬಾಲದ ಮೂಳೆ ಇವೆ. ಸೊಂಟದ ಮಣಿಗಳು ಎಲ್ಲಕ್ಕಿಂತ ದೊಡ್ಡವು. ತಲೆ, ತೋಳು, ಎದೆ, ಹೊಟ್ಟೆಗಳ ಭಾರವೆಲ್ಲ ಅವುಗಳ ಮೇಲೆಯೇ ಇಳಿಯುವುದರಿಂದ ಅವು ಹಾಗಿರಲೇಬೇಕು.

ಮಣಿಗಳ ಹಿಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಕೀಲುಗಳಿವೆ. ಸೊಂಟದ ಈ ಕೀಲುಗಳು ಮುಂದಕ್ಕೆ, ಹಿಂದಕ್ಕೆ ಬಾಗಲು ಬಿಡುತ್ತವೆ. ತಿರುಚಲು ಹೆಚ್ಚು ಬಿಡುವುದಿಲ್ಲ. ಬಾಗುವ ಕೆಲಸದ ದೊಡ್ಡ ಪಾಲು ನಡೆಯುವುದು ಕೊನೆಯ ಎರಡು ಹಂತಗಳಲ್ಲಿ: ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ, ಐದನೆಯ ಮಣಿ ಮತ್ತು ತ್ರಿಕಾಸ್ಥಿಯ ನಡುವೆ. ಸೊಂಟದ ಡಿಸ್ಕ್ ಉಬ್ಬಿ ನರವನ್ನು ಒತ್ತುವ ಹತ್ತು ಪ್ರಕರಣಗಳಲ್ಲಿ ಒಂಬತ್ತು ಇವೆರಡು ಜಾಗಗಳಲ್ಲೇ ಆಗುತ್ತವೆ.

ಇನ್ನೊಂದು ಸಂಗತಿ. ಬೆನ್ನುಹುರಿ ಬೆನ್ನಿನ ಕೊನೆಯವರೆಗೂ ಇಲ್ಲ. ದೊಡ್ಡವರಲ್ಲಿ ಅದು ಸೊಂಟದ ಮೊದಲ ಅಥವಾ ಎರಡನೆಯ ಮಣಿಯ ಬಳಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಇರುವುದು ನರಗಳ ಗೊಂಚಲು. ನೋಡಲು ಕುದುರೆಯ ಬಾಲದಂತಿರುವುದರಿಂದ ವೈದ್ಯರು ಅದನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಕಾಲುಗಳಿಗೆ, ಮೂತ್ರಕೋಶಕ್ಕೆ, ಗುದದ್ವಾರಕ್ಕೆ ಹೋಗುವ ನರಗಳು ಇಲ್ಲಿಂದಲೇ ಹೊರಡುತ್ತವೆ. ಈ ಕುದುರೆ ಬಾಲವನ್ನು ನೆನಪಿಡಿ. ಲೇಖನದ ಕೊನೆಗೆ ಮತ್ತೆ ಇದರ ಮಾತು ಬರುತ್ತದೆ.

ಡಿಸ್ಕ್ ಜಾರುತ್ತದೆಯೇ?

ಇಲ್ಲ. ಮಣಿ ಮಣಿಗಳ ನಡುವೆ ಇರುವ ಮೆತ್ತೆಯೇ ಡಿಸ್ಕ್. ಅದರ ನಡುವೆ ನೀರಿನಂಶ ತುಂಬಿದ ಲೋಳೆಯಂಥ ತಿರುಳು, ಸುತ್ತಲೂ ೧೫ರಿಂದ ೨೫ ಪದರಗಳ ನಾರಿನ ಬಳೆಗಳು. ಒಂದು ಪದರದ ನಾರು ಎಡಕ್ಕೆ ಓರೆಯಾದರೆ ಮುಂದಿನ ಪದರದ್ದು ಬಲಕ್ಕೆ ಓರೆ. ಚಾಪೆಯ ಹೆಣಿಗೆಯಂಥ ಈ ಜೋಡಣೆಯಿಂದ ಅದಕ್ಕೆ ಎಲ್ಲ ದಿಕ್ಕಿನ ಎಳೆತವನ್ನೂ ತಡೆಯುವ ಶಕ್ತಿ ಬಂದಿದೆ. ಮೇಲಿನ ಮತ್ತು ಕೆಳಗಿನ ಮಣಿಗಳಿಗೆ ಡಿಸ್ಕ್ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸೋಪಿನ ತುಂಡಿನಂತೆ ಜಾರಿ ಹೊರಬರಲಾರದು. ಆಗಬಹುದಾದದ್ದು ಇಷ್ಟೇ: ನಾರಿನ ಬಳೆ ಬಿರುಕು ಬಿಟ್ಟು ಒಳಗಿನ ತಿರುಳು ಹೊರಗೆ ಉಬ್ಬುತ್ತದೆ. ಅದು ಪಕ್ಕದ ನರವನ್ನು ಒತ್ತಿದರೆ ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೆ ನೋವು ಹರಿಯುತ್ತದೆ. ಇದೇ ಸಯಾಟಿಕ. ಇದಕ್ಕೂ ಡಿಸ್ಕಿಗೂ ಇರುವ ನಂಟನ್ನು ೧೯೩೪ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು ಖಚಿತಪಡಿಸಿದರು.

ದೊಡ್ಡವರ ಡಿಸ್ಕಿನ ಹೆಚ್ಚಿನ ಭಾಗಕ್ಕೆ ರಕ್ತನಾಳಗಳೇ ಇಲ್ಲ. ಅದರ ಆಹಾರ ಅಕ್ಕಪಕ್ಕದ ಮಣಿಗಳಿಂದ ಜಿನುಗಿ ಬರಬೇಕು. ಹಗಲೆಲ್ಲ ಭಾರ ಹೊತ್ತು ಅದು ನೀರು ಕಳೆದುಕೊಳ್ಳುತ್ತದೆ. ರಾತ್ರಿ ಮಲಗಿದಾಗ ಮತ್ತೆ ಹೀರಿಕೊಂಡು ಉಬ್ಬುತ್ತದೆ. ಆದ್ದರಿಂದಲೇ ನಾವು ಬೆಳಿಗ್ಗೆಗಿಂತ ಸಂಜೆ ಒಂದು ಸೆಂಟಿಮೀಟರಿಗೂ ಹೆಚ್ಚು ಕುಳ್ಳಗಿರುತ್ತೇವೆ. ಬೆಳಿಗ್ಗೆ ಎದ್ದ ಕೂಡಲೇ ಉಬ್ಬಿದ ಡಿಸ್ಕ್ ಬಗ್ಗಲು ಒಲ್ಲದು. ಆಗ ಬಾಗಿದರೆ ಅದರ ಮೇಲೆ ಬೀಳುವ ಒತ್ತಡವೂ ಹೆಚ್ಚು. ಬಹುಕಾಲದ ಸೊಂಟನೋವಿದ್ದವರು ಮುಂಜಾನೆ ಬಗ್ಗುವುದನ್ನು ತಪ್ಪಿಸಿದಾಗ ನೋವು ಕಡಿಮೆಯಾಯಿತು ಎಂದು ೧೯೯೮ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ತಿಳಿಸಿದೆ.

ಸನ್ನೆಯ ಲೆಕ್ಕ

ಈಗ ನಮ್ಮ ಕ್ಯಾನಿಗೆ ಬರೋಣ. ಮಕ್ಕಳ ಏರುಪೇರಾಟದ ಹಲಗೆಯನ್ನು ನೆನಪಿಸಿಕೊಳ್ಳಿ. ಆಧಾರದ ಹತ್ತಿರ ಕುಳಿತವನು ತುದಿಯಲ್ಲಿ ಕುಳಿತವನನ್ನು ಎತ್ತಬೇಕಾದರೆ ಅವನಿಗಿಂತ ಎಷ್ಟೋ ಪಟ್ಟು ಭಾರವಿರಬೇಕು. ಸೊಂಟದಲ್ಲಿ ಡಿಸ್ಕೇ ಆಧಾರ. ಮುಂದುಗಡೆ ನೀವು ಹಿಡಿದ ಭಾರ, ಹಿಂದುಗಡೆ ಬೆನ್ನಿನ ಸ್ನಾಯುಗಳು. ಈ ಸ್ನಾಯುಗಳು ಡಿಸ್ಕಿನ ನಡುವಿನಿಂದ ಕೇವಲ ೫ ಸೆಂಟಿಮೀಟರಿನಷ್ಟು ದೂರದಲ್ಲಿ ನಿಂತು ಎಳೆಯುತ್ತವೆ.

ಕ್ಯಾನಿನ ತೂಕ ೨೦ ಕಿಲೋ. ಅದು ಡಿಸ್ಕಿನಿಂದ ೫೦ ಸೆಂಟಿಮೀಟರ್ ಮುಂದಿದ್ದರೆ ೨೦ನ್ನು ೫೦ರಿಂದ ಗುಣಿಸಿ, ೫ರಿಂದ ಭಾಗಿಸಿ. ಉತ್ತರ ೨೦೦. ಎಂದರೆ ೨೦ ಕಿಲೋ ಹಿಡಿಯಲು ಸ್ನಾಯುಗಳು ೨೦೦ ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಡಿಸ್ಕನ್ನು ಅದುಮುತ್ತದೆ. ಅದೇ ಕ್ಯಾನನ್ನು ೨೫ ಸೆಂಟಿಮೀಟರಿಗೆ ತಂದರೆ ೧೦೦ ಸಾಕು. ಕ್ಯಾನಿನಿಂದ ಒಂದು ತೊಟ್ಟು ನೀರನ್ನೂ ಚೆಲ್ಲದೆ ಹೊರೆಯನ್ನು ಅರ್ಧಕ್ಕೆ ಇಳಿಸಿದಂತಾಯಿತು! ಬಗ್ಗಿದಾಗ ಮುಂದಕ್ಕೆ ಬಾಗಿದ ದೇಹದ ಭಾರವೂ ಇದಕ್ಕೆ ಸೇರುತ್ತದೆ. ಆದ್ದರಿಂದಲೇ ನೆಲದ ಮೇಲಿನ ಪೆನ್ಸಿಲ್ ಎತ್ತುವಾಗಲೂ ಕೆಲವರಿಗೆ ಸೊಂಟ ಹಿಡಿದುಕೊಳ್ಳುವುದುಂಟು.

ಇದು ಬರೀ ಕಾಗದದ ಲೆಕ್ಕವಲ್ಲ. ೧೯೬೦ರ ದಶಕದಲ್ಲಿ ಸ್ವೀಡನ್ನಿನ ನಾಕೆಮ್ಸನ್ ಜೀವಂತ ವ್ಯಕ್ತಿಗಳ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡವನ್ನು ಅಳೆದರು. ೧೯೯೯ರಲ್ಲಿ ಜರ್ಮನಿಯ ಉಲ್ಮ್ ನಗರದಲ್ಲಿ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನ ಡಿಸ್ಕಿನಲ್ಲಿ ಅಳತೆಯ ಸಾಧನವನ್ನಿಟ್ಟು ಮತ್ತೆ ಪರೀಕ್ಷಿಸಿದರು. ಮಲಗಿದಾಗಿನ ಒತ್ತಡವನ್ನು ೧ ಎಂದುಕೊಂಡರೆ ಅವರಿಗೆ ಸಿಕ್ಕ ಅಂಕಿಗಳು ಹೀಗಿವೆ:

ಆರಾಮವಾಗಿ ನಿಂತಾಗ: ೫
೨೦ ಕಿಲೋ ಭಾರವನ್ನು ಮೈಗೆ ಹತ್ತಿರ ಹಿಡಿದು ನಿಂತಾಗ: ೧೧
ಅದನ್ನೇ ಎದೆಯಿಂದ ೬೦ ಸೆಂಟಿಮೀಟರ್ ದೂರ ಹಿಡಿದಾಗ: ೧೮
ಮಂಡಿ ಮಡಿಸಿ ಎತ್ತಿದಾಗ: ೧೭
ಬೆನ್ನು ಬಾಗಿಸಿ ಎತ್ತಿದಾಗ: ೨೩

ಒಬ್ಬನೇ ವ್ಯಕ್ತಿಯ ಅಳತೆಯಾದ್ದರಿಂದ ಎಲ್ಲರಿಗೂ ಇದೇ ಅಂಕಿ ಎನ್ನಲಾಗದು. ಆದರೆ ಏರಿಳಿತದ ಪಾಠ ಸ್ಪಷ್ಟ. 'ಮಂಡಿ ಮಡಿಸಿ ಎತ್ತಿ' ಎಂಬ ಸಲಹೆ ನಮಗೆಲ್ಲ ಗೊತ್ತು. ಅದರಿಂದ ಉಪಯೋಗವಿದೆ. ಆದರೆ ಮಡಿಸಿದ ಮಂಡಿಗಳ ಆಚೆ ಭಾರವಿದ್ದರೆ ಪ್ರಯೋಜನದ ಬಹುಪಾಲು ನಷ್ಟ. ನೆಟ್ಟಗೆ ನಿಂತಿದ್ದರೂ ಕೈ ಚಾಚಿ ಹಿಡಿದವನ ಸೊಂಟದ ಮೇಲೆ, ಮಂಡಿ ಮಡಿಸಿ ಎತ್ತಿದವನಷ್ಟೇ ಒತ್ತಡ ಬಿದ್ದಿದೆ ನೋಡಿ.

ಇನ್ನೊಂದು ಪಾಠವನ್ನೂ ಮರೆಯಬಾರದು. ಸುಮ್ಮನೆ ನಿಂತಾಗಲೇ ಡಿಸ್ಕಿನೊಳಗಿನ ಒತ್ತಡ ಕಾರಿನ ಟೈರಿನ ಒತ್ತಡದ ಎರಡು ಪಟ್ಟಿಗಿಂತ ಹೆಚ್ಚು. ೨೩ಕ್ಕೆ ಏರಿದಾಗ ಸುಮಾರು ಹತ್ತು ಪಟ್ಟು. ಅಷ್ಟನ್ನು ತಡೆದುಕೊಂಡ ಆ ಸ್ವಯಂಸೇವಕನ ಡಿಸ್ಕ್ ಒಡೆದುಹೋಗಲಿಲ್ಲ. ಸೊಂಟ ಗಾಜಿನ ಬಳೆಯಲ್ಲ. ಬಳಸಿದಷ್ಟೂ ಬಲಿಯುವ ಅಂಗ ಅದು.

ಮನೆಯಲ್ಲಿ ಹೀಗೆ ಮಾಡಿ

೧. ಕ್ಯಾನು, ಸಿಲಿಂಡರು, ಅಕ್ಕಿಮೂಟೆ ಯಾವುದೇ ಇರಲಿ, ಮೊದಲು ಅದರ ಹತ್ತಿರ ಹೋಗಿ. ಒಂದು ಕಾಲು ಮುಂದಿಟ್ಟು, ಭಾರ ಎರಡು ಪಾದಗಳ ನಡುವೆ ಬರುವಂತೆ ನಿಲ್ಲಿ. ಎತ್ತಿದ ಮೇಲೆ ಹೊಟ್ಟೆಗೆ ಒತ್ತಿ ಹಿಡಿಯಿರಿ.

೨. ಭಾರ ಹಿಡಿದು ಸೊಂಟ ತಿರುಚಬೇಡಿ. ಪಾದಗಳನ್ನು ಸರಿಸಿ ಇಡೀ ಮೈಯನ್ನು ತಿರುಗಿಸಿ.

೩. ಕ್ಯಾನಿನ ನೀರನ್ನು ಬಿಂದಿಗೆಗಳಿಗೆ ಬಗ್ಗಿಸಿಕೊಂಡು ಎರಡು ಸಲ ಒಯ್ಯಿರಿ, ಇಲ್ಲವೇ ಇಬ್ಬರು ಸೇರಿ ಎತ್ತಿ. ಇದರಲ್ಲಿ ನಾಚಿಕೆಯೇನಿಲ್ಲ.

೪. ಎದ್ದ ಕೂಡಲೇ ಭಾರ ಎತ್ತಬೇಡಿ. ಸ್ವಲ್ಪ ಹೊತ್ತು ಓಡಾಡಿ.

೫. ಕುಳಿತು ಕೆಲಸ ಮಾಡುವವರು ಬೆನ್ನಿಗೆ ಆನಿಕೆ ಕೊಡಿ. ಮೇಲಿನ ಪ್ರಯೋಗದಲ್ಲಿ ಹಿಂದಕ್ಕೆ ಒರಗಿ ಕುಳಿತಾಗ ಒತ್ತಡ ೩ರ ಆಸುಪಾಸಿಗೆ ಇಳಿಯಿತು; ಪೂರ್ತಿ ಮುಂದಕ್ಕೆ ಬಾಗಿ ಕುಳಿತಾಗ ೮ಕ್ಕೆ ಏರಿತು. ಆಗಾಗ್ಗೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಉಳುಕಿದ ಮೇಲೆ?

ಹೆಚ್ಚಿನ ಸೊಂಟನೋವುಗಳಲ್ಲಿ ಇಂಥದೇ ಭಾಗಕ್ಕೆ ಪೆಟ್ಟಾಗಿದೆ ಎಂದು ಬೆರಳಿಟ್ಟು ತೋರಿಸಲಾಗದು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಗುಣವಾಗುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಕೆಲವು ಊರುಗಳಲ್ಲಿದೆ. ಗುಣವಾದದ್ದರ ಕೀರ್ತಿ ಒದ್ದವರಿಗೆ ಸಲ್ಲುತ್ತದೆ. ಕೆಲಸ ಮಾಡಿದ್ದು ದೇಹ. ಒದೆತ ಮಾತ್ರ ಬೇಡ.

ತಿಂಗಳುಗಟ್ಟಲೆ ಮಲಗುವುದೂ ಬೇಡ. ೧೯೯೫ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ನಗರಸಭಾ ನೌಕರರ ಮೇಲೆ ನಡೆದ ಅಧ್ಯಯನದಲ್ಲಿ, ಎರಡು ದಿನ ಹಾಸಿಗೆ ಹಿಡಿದವರಿಗಿಂತ ನೋವು ತಾಳುವಷ್ಟರ ಮಟ್ಟಿಗೆ ದಿನನಿತ್ಯದ ಕೆಲಸ ಮಾಡಿಕೊಂಡಿದ್ದವರು ಬೇಗ ಚೇತರಿಸಿಕೊಂಡರು. ಬಿಸಿ ಶಾಖ ಕೊಡಿ, ಮನೆಯಲ್ಲೇ ಓಡಾಡಿ. ಮಾತ್ರೆ ಬೇಕೆನಿಸಿದರೆ ವೈದ್ಯರನ್ನು ಕೇಳಿ, ಕೆಲವು ದಿನ ಮಾತ್ರ ತೆಗೆದುಕೊಳ್ಳಿ. ಬಹುಕಾಲದ ನೋವಿಗೆ ಸೊಂಟದ ಬೆಲ್ಟ್, ತೂಕ ಕಟ್ಟಿ ಎಳೆಯುವ ಚಿಕಿತ್ಸೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೨೩ರ ತನ್ನ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿಲ್ಲ, ವ್ಯಾಯಾಮವನ್ನು ಮಾಡಿದೆ.

ಸ್ಕ್ಯಾನ್ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಕಂಡು ಎದೆಗುಂದುವವರು ಬಹಳ. ೧೯೯೪ರಲ್ಲಿ ಅಮೆರಿಕದಲ್ಲಿ ಸೊಂಟನೋವೇ ಇಲ್ಲದ ೯೮ ಮಂದಿಗೆ ಎಂ.ಆರ್.ಐ. ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು. ನಲವತ್ತಾದ ಮೇಲೆ ತಲೆಗೂದಲು ನರೆತಂತೆ ಡಿಸ್ಕೂ ಸವೆಯುತ್ತದೆ. ವರದಿಗೆ ಚಿಕಿತ್ಸೆ ಮಾಡುವುದಲ್ಲ, ಮನುಷ್ಯನಿಗೆ ಮಾಡಬೇಕು.

ತಡ ಮಾಡಬಾರದ ಲಕ್ಷಣಗಳು

ಈಗ ಕುದುರೆ ಬಾಲದ ಮಾತು. ಉಬ್ಬಿದ ಡಿಸ್ಕ್ ಆ ನರಗಳ ಗೊಂಚಲನ್ನೇ ಅದುಮಿದರೆ ಮೂತ್ರ ಕಟ್ಟುತ್ತದೆ ಅಥವಾ ಹಿಡಿತ ತಪ್ಪುತ್ತದೆ. ತೊಡೆಯ ಸಂದು, ಗುದದ ಸುತ್ತ ಮರಗಟ್ಟುತ್ತದೆ. ಎರಡೂ ಕಾಲು ಸೋಲುತ್ತವೆ. ಇದು ಅಪರೂಪ. ಆದರೆ ಬಂದರೆ ನಾಳೆ ನೋಡೋಣ ಎನ್ನುವಂತಿಲ್ಲ. ಸಂಕೋಚದಿಂದ ಮುಚ್ಚಿಡದೆ ಅದೇ ದಿನ ಆಸ್ಪತ್ರೆ ಸೇರಬೇಕು. ತಡವಾದರೆ ಮೂತ್ರದ ಹಿಡಿತ ಶಾಶ್ವತವಾಗಿ ಹೋಗಬಹುದು.

ಪಾದ ಎತ್ತಲಾಗದೆ ಎಳೆದು ನಡೆಯುವಂತಾದರೆ, ನೋವಿನ ಜೊತೆ ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಅಥವಾ ಕ್ಷಯ ಬಂದಿದ್ದರೆ, ವಯಸ್ಸಾದವರು ಬಿದ್ದ ಮೇಲೆ ನೋವು ಶುರುವಾಗಿದ್ದರೆ ಬೇಗನೆ ವೈದ್ಯರನ್ನು ಕಾಣಿ. ಕ್ಷಯರೋಗ ಬೆನ್ನುಮೂಳೆಗೂ ತಗಲುತ್ತದೆ ಎಂಬುದನ್ನು ನಮ್ಮ ದೇಶದಲ್ಲಿ ಮರೆಯುವಂತಿಲ್ಲ.

ಇವು ಯಾವುವೂ ಇಲ್ಲದಿದ್ದರೆ ಧೈರ್ಯವಾಗಿರಿ. ನಾಲ್ಕು ದಿನ ಮೆಲ್ಲಗೆ ಓಡಾಡಿ, ಮತ್ತೆ ಕೆಲಸಕ್ಕೆ ಹೋಗಿ. ನಾಳೆ ಬೆಳಿಗ್ಗೆ ಕ್ಯಾನು ಬಂದಾಗ ಒಂದು ಹೆಜ್ಜೆ ಮುಂದಿಟ್ಟು ಅದರ ಹತ್ತಿರ ನಿಂತು ಎತ್ತಿ. ಆ ಒಂದು ಹೆಜ್ಜೆಗೆ ಖರ್ಚಿಲ್ಲ.