ಶಿಕ್ಷಕನಾಗ ಬಯಸುವವನ ಸಂಕಲ್ಪ

ಬಿ.ಎಡ್. ಓದಲೆಂದು ಹರಿಹರದಿಂದ ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ಓಡಾಡುವ ಯುವಕ ಯುವತಿಯರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. 2015ರಲ್ಲಿ ಈ ತರಬೇತಿಯ ಅವಧಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿತು. ಪದವಿಯ ವರ್ಷಗಳನ್ನೂ ಸೇರಿಸಿದರೆ ಮಗನನ್ನೋ ಮಗಳನ್ನೋ ಹೈಸ್ಕೂಲು ಶಿಕ್ಷಕರನ್ನಾಗಿ ಮಾಡಲು ಒಂದು ಬಡ ಕುಟುಂಬ ಸಣ್ಣ ತ್ಯಾಗವನ್ನೇನೂ ಮಾಡುವುದಿಲ್ಲ. ಆದ್ದರಿಂದ ನೌಕರಿ, ಸಂಬಳ, ಭದ್ರತೆಯ ಲೆಕ್ಕ ಮನಸ್ಸಿಗೆ ಬರುವುದು ಸಹಜ. ಹಲಾಲ್ ಸಂಪಾದನೆಯನ್ನು ಬಯಸುವುದು ತಪ್ಪೂ ಅಲ್ಲ. ಆದರೆ ಕರ್ಮಗಳ ಬೆಲೆ ನಿಯ್ಯತ್ತನ್ನು ಅವಲಂಬಿಸಿದೆಯೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗಿರುವಾಗ ತರಗತಿಯೊಳಗೆ ಕಾಲಿಡುವ ಮುನ್ನವೇ ಭಾವಿ ಶಿಕ್ಷಕನು ತನ್ನನ್ನು ಕೇಳಿಕೊಳ್ಳಬೇಕು: ನಾನು ಈ ವೃತ್ತಿಗೆ ಬರುತ್ತಿರುವುದು ಯಾತಕ್ಕಾಗಿ?

ಪ್ರವಾದಿ(ಸ)ರಿಗೆ ಅವತೀರ್ಣವಾದ ಮೊದಲ ದಿವ್ಯವಾಣಿಯೇ ಓದಿನ ಆಜ್ಞೆಯಾಗಿತ್ತು. ಹಿಜರಿ 2ರಲ್ಲಿ (ಕ್ರಿ.ಶ. 624) ನಡೆದ ಬದ್ರ್ ಯುದ್ಧದ ಬಳಿಕ, ಪರಿಹಾರ ಧನ ಕೊಡಲಾಗದ ಆದರೆ ಅಕ್ಷರ ಬಲ್ಲ ಕೈದಿಗಳು ಮದೀನದ ಮಕ್ಕಳಿಗೆ ಬರೆಯಲು ಕಲಿಸಿ ಬಿಡುಗಡೆ ಹೊಂದಿದರು. ನಿನ್ನೆ ಕತ್ತಿ ಹಿಡಿದು ಬಂದವನು ಇಂದು ಗುರುವಾದ. ವಿದ್ಯೆ ಕಲಿಯುವಲ್ಲಿ ಇಸ್ಲಾಮ್ ಶಿಕ್ಷಕನ ಧರ್ಮವನ್ನು ವಿಚಾರಿಸಲಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ? ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಅನ್ಯಧರ್ಮೀಯ ಗುರುಗಳ ಋಣ ನಮ್ಮ ಮೇಲಿದೆ. ಮುಂದೆ ನೀವು ಕಲಿಸಬೇಕಾದ ಮಕ್ಕಳೂ ಎಲ್ಲ ಧರ್ಮಗಳವರೇ.

ಮೊದಲ ಸಂಕಲ್ಪ ಮೃದುತ್ವದ್ದಾಗಿರಲಿ. ಮುಆವಿಯ ಬಿನ್ ಹಕಮ್(ರ) ಎಂಬ ಸಹಾಬಿ ನಿಯಮ ತಿಳಿಯದೆ ನಮಾಝಿನಲ್ಲಿ ಮಾತಾಡಿಬಿಟ್ಟರು. ಜೊತೆಯಲ್ಲಿದ್ದವರು ಅವರನ್ನು ದುರುಗುಟ್ಟಿ ನೋಡಿದರು. ಪ್ರವಾದಿ(ಸ)ರು ಮಾತ್ರ ಗದರಲಿಲ್ಲ, ಹೊಡೆಯಲಿಲ್ಲ, ಹೀಯಾಳಿಸಲಿಲ್ಲ. ನಮಾಝ್ ಮುಗಿದ ಮೇಲೆ ತಿಳಿಯಹೇಳಿದರು. ಅವರಿಗಿಂತ ಉತ್ತಮ ಶಿಕ್ಷಕನನ್ನು ತಾವು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲವೆಂದು ಆ ಸಹಾಬಿ ಸ್ಮರಿಸುತ್ತಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳ ಕೊಡುವುದನ್ನು ನಿಷೇಧಿಸಿದೆ. ಕಾನೂನಿನ ಭಯದಿಂದ ಬೆತ್ತ ಕೆಳಗಿಡುವವನಿಗೂ ಪ್ರವಾದಿಚರ್ಯೆಯೆಂದು ಕೆಳಗಿಡುವವನಿಗೂ ವ್ಯತ್ಯಾಸವಿದೆ. ಮೊದಲಿನವನ ಕೈಯಲ್ಲಿ ಬೆತ್ತವಿಲ್ಲದಿದ್ದರೂ ನಾಲಗೆಯಲ್ಲಿರುತ್ತದೆ.

ಎರಡನೆಯದು ಅಳತೆಯ ನ್ಯಾಯ. ದಾವಣಗೆರೆ ವ್ಯಾಪಾರದ ಊರು. ತೂಕದಲ್ಲಿ ಮೋಸ ಮಾಡುವವರ ವಿನಾಶದ ಕುರಿತು ಕುರ್‌ಆನಿನ 83ನೇ ಅಧ್ಯಾಯವು ಎಚ್ಚರಿಸುವುದನ್ನು ಇಲ್ಲಿನ ವರ್ತಕರು ಅನೇಕ ಬಾರಿ ಕೇಳಿರುತ್ತಾರೆ. ಆದರೆ ತಕ್ಕಡಿ ಅಂಗಡಿಯಲ್ಲಿ ಮಾತ್ರವಿಲ್ಲ. ಪೂರ್ತಿ ಸಂಬಳ ಎಣಿಸಿಕೊಂಡು, ಪಿರಿಯಡ್ಡಿನ ಅರ್ಧ ಹೊತ್ತನ್ನು ಹರಟೆಯಲ್ಲಿ ಕಳೆಯುವ ಶಿಕ್ಷಕನದೂ ಕಡಿಮೆ ತೂಕವೇ. ತಯಾರಿಯಿಲ್ಲದೆ ಪಾಠಕ್ಕೆ ನಿಲ್ಲುವುದೂ ಅದೇ. ಶಾಲೆಯಲ್ಲಿ ಅರೆಬರೆ ಹೇಳಿ ಉಳಿದುದನ್ನು ಮನೆಪಾಠಕ್ಕೆ ಕಾಯ್ದಿರಿಸುವುದು ಅದಕ್ಕಿಂತ ಕೆಟ್ಟದ್ದು.

ಮೂರನೆಯದಾಗಿ, ಹಿಂದಿನ ಬೆಂಚಿನ ಮಗುವನ್ನು ಮರೆಯಬಾರದು. ಖುರೈಷ್ ಮುಖಂಡರೊಡನೆ ಪ್ರವಾದಿ(ಸ)ರು ಮಾತಿನಲ್ಲಿ ಮಗ್ನರಾಗಿದ್ದಾಗ, ಕಲಿಯಬಯಸಿ ಬಂದ ಅಂಧ ಸಹಾಬಿ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ)ರ ಪರವಾಗಿ ಅಲ್ಲಾಹನು 80ನೇ ಅಧ್ಯಾಯದ ಆರಂಭದ ವಚನಗಳನ್ನು ಅವತೀರ್ಣಗೊಳಿಸಿದನು. ಕಲಿಯುವ ಹಂಬಲವುಳ್ಳ ದುರ್ಬಲನ ಸ್ಥಾನ ಅಷ್ಟು ದೊಡ್ಡದು! ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಎಷ್ಟೋ ಮುಸ್ಲಿಮ್ ಕುಟುಂಬಗಳು ದುಡಿಯುತ್ತವೆ. ನಸುಕಿನಲ್ಲಿ ತಂದೆಗೆ ನೆರವಾಗಿ ಬಂದ ಹುಡುಗ ಗಣಿತದ ಪಾಠದಲ್ಲಿ ತೂಕಡಿಸಿದರೆ ಅವನು ಸೋಮಾರಿಯಲ್ಲ. ಮನೆಯಲ್ಲಿ ಉರ್ದು ಆಡುವ ಹುಡುಗಿ ಕನ್ನಡದ ಒತ್ತಕ್ಷರದಲ್ಲಿ ತಡವರಿಸಿದರೆ ಅವಳು ದಡ್ಡಿಯಲ್ಲ. ಮುಸ್ಲಿಮ್ ಮನೆಯಲ್ಲಿ ಹುಟ್ಟಿದ ಕೆ.ಎಸ್. ನಿಸಾರ್ ಅಹಮದ್ (1936–2020) ಭೂವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ಕನ್ನಡದ ಮೆಚ್ಚಿನ ಕವಿಯಾದರು. ಇಂದು ತಡವರಿಸುವ ಮಗುವಿನಲ್ಲಿ ಅಲ್ಲಾಹನು ಏನನ್ನು ಇಟ್ಟಿದ್ದಾನೆಂದು ಯಾರು ಬಲ್ಲರು?

ನಾಲ್ಕನೆಯ ಪರೀಕ್ಷೆ ಸ್ವತಃ ಪರೀಕ್ಷೆಯ ದಿನದ್ದು. ನಕಲು ತಡೆಯಲು 2024ರ ಎಸೆಸೆಲ್ಸಿ ಪರೀಕ್ಷಾ ಕೇಂದ್ರಗಳಲ್ಲಿ ಕ್ಯಾಮೆರಾ ಮೂಲಕ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಜಾರಿಗೆ ಬಂತು. ಆ ವರ್ಷ ರಾಜ್ಯದ ಫಲಿತಾಂಶ ಹಿಂದಿನ ವರ್ಷಕ್ಕಿಂತ ಕೆಳಗಿಳಿಯಿತು. ಮಕ್ಕಳ ಮೇಲಿನ ಕನಿಕರದಿಂದಲೋ ಶಾಲೆಯ ಹೆಸರಿಗಾಗಿಯೋ ಉತ್ತರ ಹೇಳಿಕೊಡುವ ಶಿಕ್ಷಕ ಮಗುವಿಗೆ ಕಲಿಸುವ ಕೊನೆಯ ಪಾಠ ಕಳ್ಳತನದ್ದು. ಅಲ್ಲಾಹನನ್ನು ನಾವು ಕಾಣದಿದ್ದರೂ ಅವನು ನಮ್ಮನ್ನು ಕಾಣುತ್ತಿದ್ದಾನೆ ಎಂಬ ಅರಿವೇ ಇಹ್ಸಾನ್. ಅದುಳ್ಳವನಿಗೆ ಗೋಡೆಯ ಕ್ಯಾಮೆರಾ ಇದ್ದರೇನು, ಕೆಟ್ಟರೇನು?

ಕೊನೆಯದು, ಎಲ್ಲಕ್ಕಿಂತ ಕಠಿಣವಾದುದು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ವೇಳೆ ಹರಿಹರ ಮತ್ತು ದಾವಣಗೆರೆಗಳಲ್ಲಿ ವಿದ್ಯಾರ್ಥಿಗಳು ಎದುರುಬದುರು ನಿಂತರು. ಕಲ್ಲುಗಳು ತೂರಿದವು, ನಿಷೇಧಾಜ್ಞೆ ಜಾರಿಯಾಯಿತು. ಒಂದೇ ಬೆಂಚಿನಲ್ಲಿ ಕುಳಿತಿದ್ದವರು ಒಬ್ಬರ ಮುಖ ಒಬ್ಬರು ನೋಡದಾದರು. ಅಂತಹ ದಿನ ನಿಮ್ಮ ತರಗತಿಗೂ ಬರಬಹುದು. ಒಂದು ಜನಾಂಗದ ಮೇಲಿನ ಹಗೆತನವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಕುರ್‌ಆನ್ (5:8) ಆದೇಶಿಸುತ್ತದೆ. ನೊಂದ ಮುಸ್ಲಿಮ್ ಹುಡುಗಿಗೆ ಧೈರ್ಯ ಹೇಳುವ ಶಿಕ್ಷಕ, ಘೋಷಣೆ ಕೂಗಿದ ಹುಡುಗನ ಉತ್ತರ ಪತ್ರಿಕೆಯಲ್ಲಿ ಅರ್ಧ ಅಂಕವನ್ನೂ ಕಸಿಯಬಾರದು. ಹತ್ತು ಉಪನ್ಯಾಸಗಳು ಮಾಡಲಾಗದ ಕೆಲಸವನ್ನು ಆ ಅರ್ಧ ಅಂಕದ ನ್ಯಾಯ ಮಾಡೀತು.

ಹೆತ್ತವರಲ್ಲೂ ಒಂದು ವಿನಂತಿ. ಮಗಳು ಶಿಕ್ಷಕಿಯಾಗುತ್ತೇನೆಂದರೆ, ಮಗ ಮೇಷ್ಟ್ರಾಗುತ್ತೇನೆಂದರೆ, ಅಷ್ಟೇನಾ ಎಂದು ಮುಖ ಸಿಂಡರಿಸಬೇಡಿ. ಮನುಷ್ಯನು ಮರಣ ಹೊಂದಿದಾಗ ಅವನ ಕರ್ಮಗಳು ನಿಲ್ಲುತ್ತವೆ. ನಿಲ್ಲದೆ ಮುಂದುವರಿಯುವವುಗಳಲ್ಲಿ ಪ್ರಯೋಜನಕಾರಿ ಜ್ಞಾನವೂ ಒಂದೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಕರಿಹಲಗೆಯ ಮೇಲಿನ ಅಕ್ಷರ ಸಂಜೆಗೆ ಅಳಿಸಿಹೋಗುತ್ತದೆ. ಒಂದು ಮಗುವಿನ ಬದುಕಿನಲ್ಲಿ ಬರೆದದ್ದು ಗೋರಿಯಾಚೆಗೂ ಬರುತ್ತದೆ.

ನಮ್ಮ ಮಕ್ಕಳ ಜ್ಞಾನವನ್ನು ಜನೋಪಯೋಗಿಯಾಗಿಸಿ, ಅವರ ನಿಯ್ಯತ್ತನ್ನು ಅಲ್ಲಾಹನು ಶುದ್ಧಗೊಳಿಸಲಿ. ಆಮೀನ್.