ಕುಗ್ಗಿದ ಮನಸ್ಸಿಗೆ ಕಾಂತದ ನೆರವು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರು ಬಹುಮಂದಿ. ನೋಡಲು ಕಲಿತವರು ಕಡಮೆ. ಹಾಗೆ ನೋಡುವುದನ್ನು ಕಲಿಸುತ್ತಿದ್ದವರು ನನ್ನ ಮಿತ್ರರೊಬ್ಬರು. ಅವರು ನಮ್ಮ ಶಾಲೆಯ ಚಿತ್ರಕಲೆಯ ಅಧ್ಯಾಪಕರು. ಪ್ರತಿವರ್ಷವೂ ಮಕ್ಕಳನ್ನು ಕರೆದೊಯ್ದು, ಒಂದೊಂದು ಮದನಿಕೆಯ ಮುಂದೆಯೂ ನಿಲ್ಲಿಸಿ, ಶಿಲ್ಪಿಯ ಉಳಿ ಎಲ್ಲಿ ತಡೆದಿದೆ, ಎಲ್ಲಿ ನಲಿದಿದೆ ಎಂದು ತೋರಿಸುತ್ತಿದ್ದರು. ನಿವೃತ್ತರಾದ ಮೇಲೂ ಆ ವಾಡಿಕೆ ತಪ್ಪಲಿಲ್ಲ.

ಒಂದು ವರ್ಷ ಅವರು ಬರಲಿಲ್ಲ. ಮನೆಗೆ ಹೋಗಿ ನೋಡಿದರೆ, ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ಊಟ ಸೇರದು, ನಿದ್ರೆ ಬಾರದು, ಯಾರೊಡನೆಯೂ ಮಾತು ಬೇಡ. “ಮೇಷ್ಟ್ರೇ, ಇದೇನಿದು? ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂದೆ. ಅವರು ಉತ್ತರ ಕೊಡಲಿಲ್ಲ. ನನ್ನ ಮಾತು ಎಷ್ಟು ತಪ್ಪೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ಕಾಲು ಮುರಿದವನಿಗೆ ‘ಎದ್ದು ಓಡು’ ಎಂದಂತಾಗಿತ್ತು ಅದು.

ದುಃಖ ಎಲ್ಲರಿಗೂ ಬರುತ್ತದೆ. ಕಾಲ ಕಳೆದಂತೆ ಸಾಮಾನ್ಯವಾಗಿ ಕರಗುತ್ತದೆ. ಖಿನ್ನತೆ ಅಂಥದಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ನೆಲೆನಿಂತು ಮನುಷ್ಯನ ಉತ್ಸಾಹವನ್ನು ಹೀರಿಬಿಡುವ ಕಾಯಿಲೆ ಅದು. ಅದಕ್ಕೆ ಔಷಧಿಗಳಿವೆ, ಆಪ್ತಸಮಾಲೋಚನೆಯಿದೆ. ಅನೇಕರು ಇವುಗಳಿಂದಲೇ ಚೇತರಿಸಿಕೊಳ್ಳುತ್ತಾರೆ. ಆದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಎರಡು ಬಗೆಯ ಔಷಧಿಗಳನ್ನು ಕೊಟ್ಟರೂ ಸಾಕಷ್ಟು ಗುಣ ಕಾಣುವುದಿಲ್ಲ. ಅಂಥವರಿಗಾಗಿ ಇರುವ ಉಪಾಯಗಳಲ್ಲಿ ಒಂದು, ಕಾಂತದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ.

ಇದರಲ್ಲಿ ಮಾಯೆಯೇನೂ ಇಲ್ಲ. ಬದಲಾಗುವ ಕಾಂತಕ್ಷೇತ್ರವು ಹತ್ತಿರದ ವಾಹಕದಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿದ್ದನು. ನಮ್ಮ ಮಿದುಳಿನ ನರಕೋಶಗಳೂ ವಿದ್ಯುತ್ಸಂಕೇತಗಳಿಂದಲೇ ಕೆಲಸ ಮಾಡುತ್ತವೆ. ಈ ಎರಡು ಸಂಗತಿಗಳನ್ನು ಕೂಡಿಸಿ, 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಥೊನಿ ಬಾರ್ಕರ್ ಮತ್ತು ಅವರ ಸಂಗಡಿಗರು, ತಲೆಬುರುಡೆಯನ್ನು ತೆರೆಯದೆ, ಹೊರಗಿನಿಂದಲೇ ಕಾಂತದ ಮಿಡಿತವನ್ನು ಕಳುಹಿಸಿ ಮಿದುಳನ್ನು ಪ್ರಚೋದಿಸಿದರು. ಔಷಧಿಗೆ ಬಗ್ಗದ ಖಿನ್ನತೆಗೆ ಈ ಚಿಕಿತ್ಸೆಯನ್ನು ಅಮೆರಿಕ 2008ರಲ್ಲಿ ಅಂಗೀಕರಿಸಿತು. ನಮ್ಮ ನಾಡಿನಲ್ಲಿ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಬಗೆಗೆ ಚಿಕಿತ್ಸೆಯೂ ಸಂಶೋಧನೆಯೂ ನಡೆಯುತ್ತಿವೆ.

ನನ್ನ ಮಿತ್ರರಿಗೂ ಔಷಧಿಗಳು ಫಲಿಸದಿದ್ದಾಗ ವೈದ್ಯರು ಇದನ್ನೇ ಸೂಚಿಸಿದರು. ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದುಕೊಂಡು ಆರು ವಾರ, ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕಾಯಿತು. ಒಂದು ದಿನ ನಾನೂ ಜೊತೆಗಿದ್ದೆ. ಅವರನ್ನು ಕುರ್ಚಿಯಲ್ಲಿ ಒರಗಿಸಿ, ಹಣೆಯ ಮೇಲ್ಭಾಗದಲ್ಲಿ ಎಡಕ್ಕೆ ತಂತಿಯ ಸುರುಳಿಯನ್ನು ತಾಗಿಸಿ ಇಟ್ಟರು. ‘ಟಕ ಟಕ’ ಎಂಬ ಸದ್ದು. ಕಾಂತದ ಪ್ರಭಾವ ಎರಡು ಮೂರು ಸೆಂಟಿಮೀಟರುಗಳಷ್ಟು ಆಳಕ್ಕೆ ಇಳಿದು, ಮಂದವಾದ ನರಕೋಶಗಳನ್ನು ಮತ್ತೆ ಮತ್ತೆ ಎಚ್ಚರಿಸುತ್ತದೆ. ಅರಿವಳಿಕೆಯಿಲ್ಲ, ಶಸ್ತ್ರಕ್ರಿಯೆಯಿಲ್ಲ. ಅರ್ಧ ಗಂಟೆಯ ಮೇಲೆ ತಾವೇ ಎದ್ದುಬಂದು, “ತಲೆಯ ಮೇಲೆ ಯಾರೋ ಮದನಿಕೆ ಕೆತ್ತುತ್ತಿರುವಂತಿದೆ” ಎಂದರು. ಎಷ್ಟೋ ತಿಂಗಳ ಮೇಲೆ ಅವರಿಂದ ನಾನು ಕೇಳಿದ ಮೊದಲ ವಿನೋದ ಅದು.

ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ. ಕೆಲವರಿಗೆ ತಲೆನೋವು ಬರುತ್ತದೆ. ಅತಿ ವಿರಳವಾಗಿ ಫಿಟ್ಸ್ ಬರುವುದೂ ಉಂಟು. ತಲೆಯೊಳಗೆ ಕೆಲವು ಬಗೆಯ ಲೋಹದ ಸಾಧನಗಳಿರುವವರಿಗೆ ಇದು ಸಲ್ಲದು. ಬೇಲೂರಿನ ತೋಟದ ಕೂಲಿಯವನೊಬ್ಬ ಆರು ವಾರ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಹೇಗೆ ನಿಂತಾನು? ವಿಜ್ಞಾನ ದಾರಿ ತೋರಿಸಿದೆ. ಆ ದಾರಿಯನ್ನು ಬಡವನ ಮನೆಯ ಬಾಗಿಲಿಗೆ ತಲಪಿಸುವ ಕೆಲಸ ಇನ್ನೂ ಉಳಿದಿದೆ.

ನನ್ನ ಮಿತ್ರರು ಪೂರ್ತಿ ಗುಣವಾದರೆನ್ನಲಾರೆ. ಮಾತ್ರೆಗಳು ಇನ್ನೂ ಇವೆ. ಆದರೆ ಮರುವರ್ಷ ಅವರು ಮಕ್ಕಳೊಡನೆ ದೇವಾಲಯದ ಅಂಗಳದಲ್ಲಿ ನಿಂತಿದ್ದರು.

ಮಕ್ಕಳೇ, ನಿಮ್ಮ ಗೆಳೆಯರಲ್ಲಿ ಒಬ್ಬರು ಮೌನಕ್ಕೆ ಜಾರಿದರೆ ನಾನು ಹೇಳಿದಂತೆ ಹೇಳಬೇಡಿ. ಪಕ್ಕದಲ್ಲಿ ಕುಳಿತು ಕೇಳಿ, ಹಿರಿಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಯಾವ ಊರಿನಿಂದಲಾದರೂ ಹಣವಿಲ್ಲದೆ ಕರೆಮಾಡಬಹುದು. ಯಂತ್ರದ ನೆರವು ಕೊನೆಗೆ ಬರುವಂಥದು. ಮನುಷ್ಯನ ನೆರವು ಮೊದಲೇ ಬರಬೇಕು.

ಅಭ್ಯಾಸ

1. ದುಃಖಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸವೇನು?
2. ಫ್ಯಾರಡೆಯ ತತ್ತ್ವ ಈ ಚಿಕಿತ್ಸೆಯಲ್ಲಿ ಹೇಗೆ ಬಳಕೆಯಾಗಿದೆ?
3. ಲೇಖಕರು ತಮ್ಮ ಮಾತನ್ನು ತಪ್ಪೆಂದು ಭಾವಿಸಲು ಕಾರಣವೇನು?