ಅರ್ಧ ಟಿಕೆಟ್ಟಿನ ಬೇಸಿಗೆ

2024ರ ಆಯುಧಪೂಜೆಯ ದಿನ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಕ್ರೆಡಿಟ್ ಕಾರ್ಡಿನ ಇಎಂಐ. ಆರನೆಯದು, ಕೊನೆಯದು. ಯಾವುದರ ಕಂತು ಎಂಬುದೇ ತಕ್ಷಣ ನೆನಪಾಗಲಿಲ್ಲ. ಆಮೇಲೆ ಹೊಳೆಯಿತು, ಏಪ್ರಿಲ್‌ನಲ್ಲಿ ಮಕ್ಕಳಿಬ್ಬರನ್ನೂ ಸೇರಿಸಿದ್ದ ಬೇಸಿಗೆ ಶಿಬಿರದ್ದು. ಮಳೆಗಾಲ ಮುಗಿದು ದಸರೆ ಬಂದರೂ ನಾನಿನ್ನೂ ಬೇಸಿಗೆಯ ದುಡ್ಡು ಕಟ್ಟುತ್ತಿದ್ದೆ.

ತಲೆಗೆ 11,000ದಂತೆ ಇಬ್ಬರಿಗೆ 22,000. ಮಾರ್ಚಿನಲ್ಲಿ ವಿಮೆಯ ಕಂತು ಕಟ್ಟಿ, ಅದರ ಬೆನ್ನಿಗೇ ಯುಗಾದಿ ಮುಗಿಸಿದ್ದ ಖಾತೆಯಲ್ಲಿ ಅಷ್ಟು ಇರಲಿಲ್ಲ. ಕಾರ್ಡು ಉಜ್ಜಿ, ಆರು ತಿಂಗಳ ಇಎಂಐ ಮಾಡಿಸಿಕೊಂಡೆ. ಬಡ್ಡಿ ಶೇ 15, ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ, ಜೊತೆಗೆ ಸಂಸ್ಕರಣಾ ಶುಲ್ಕ, ಅದರ ಮೇಲೂ ಜಿಎಸ್‌ಟಿ. ಎಲ್ಲ ಸೇರಿ ಹೆಚ್ಚಿಗೆ ಹೋದದ್ದು 1,400 ರೂಪಾಯಿಯ ಹತ್ತಿರ. ಅದಾದರೂ ಹೋಗಲಿ ಎನ್ನಬಹುದಿತ್ತು. ಆದರೆ ಮಗಳು ಐದನೇ ದಿನ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳದೆ ಬಾಗಿಲಲ್ಲೇ ಕೂತುಬಿಟ್ಟಳು. ‘ಬೆಂಕಿಯಿಲ್ಲದ ಅಡುಗೆ ಅಂತ ದಿನಾ ಬ್ರೆಡ್ಡಿಗೆ ಜಾಮ್ ಸವರ್ತೀವಮ್ಮ, ಅದು ನಂಗೆ ಬರುತ್ತೆ’ ಎಂದಳು. ಶುಲ್ಕ ವಾಪಸಿಲ್ಲ ಎಂದು ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತಂತೆ. ಮಗ ಮಾತ್ರ ಕೊನೆಯವರೆಗೂ ಹೋಗಿ ಥರ್ಮೋಕೋಲಿನ ರೋಬೊ ಒಂದನ್ನು ತಂದ. ಅದರ ಕೈ ಜೂನಿಗೇ ಬಿದ್ದುಹೋಯಿತು.

ಹಬ್ಬ ಯಾವ ದಿನ ಬಿತ್ತು ಎಂದು ತಿಳಿಯಲು ಪಂಚಾಂಗ ನೋಡಬೇಕು. ಬೇಸಿಗೆ ರಜೆಗೆ ಅದೂ ಬೇಡ. ಏಪ್ರಿಲ್ ಎರಡನೇ ವಾರ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಆದರೂ ಪ್ರತಿ ವರ್ಷ ನಮ್ಮಂಥವರ ಮನೆಯಲ್ಲಿ ಅದು ಹೇಳದೆ ಕೇಳದೆ ಬಂದ ನೆಂಟನಂತೆ ಬಂದು ಕೂರುತ್ತದೆ. ನೆಂಟ ಎದ್ದು ಹೋಗುತ್ತಿದ್ದಂತೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಶಾಲಾ ವ್ಯಾನಿನ ಮುಂಗಡ ಸಾಲಾಗಿ ನಿಂತಿರುತ್ತವೆ. ಏಪ್ರಿಲ್‌ನಲ್ಲಿ ಸಾಲ ಮಾಡಿದವರು ಜೂನಿನಲ್ಲಿ ಇನ್ನೊಂದು ಸಾಲ ಮಾಡುವುದು ಹೀಗೆ.

ಹಾಗಾಗಿ ಆ ವರ್ಷದ ಜುಲೈನಲ್ಲೇ, ಇಎಂಐ ಇನ್ನೂ ನಡೆಯುತ್ತಿರುವಾಗಲೇ, ಬ್ಯಾಂಕಿನಲ್ಲಿ ಒಂಬತ್ತು ತಿಂಗಳ ಆರ್‌ಡಿ ಮಾಡಿಸಿದೆ. ತಿಂಗಳಿಗೆ 2,000. ಮೊದಲ ನಾಲ್ಕು ತಿಂಗಳು ಹಳೆಯ ಬೇಸಿಗೆ, ಹೊಸ ಬೇಸಿಗೆ ಎರಡಕ್ಕೂ ಒಟ್ಟಿಗೆ ಕಟ್ಟಿದ್ದು ಕಷ್ಟವೇ ಆಯಿತು. ಏಪ್ರಿಲ್‌ನಲ್ಲಿ ಕೈಗೆ ಬಂದದ್ದು 18,000 ಅಸಲು, 450ರ ಆಸುಪಾಸು ಬಡ್ಡಿ. ದೊಡ್ಡ ಬಡ್ಡಿಯೇನಲ್ಲ. ಆದರೆ ಹಿಂದಿನ ವರ್ಷ ಕೈಯಿಂದ ಹೋದ 1,400ನ್ನು ಇದರ ಪಕ್ಕ ಇಟ್ಟು ನೋಡಿ. ಅದೇ ಮನೆ, ಅದೇ ಮಕ್ಕಳು. ದುಡ್ಡು ಮೊದಲು ಹೊರಟಿತೋ ಬೇಸಿಗೆ ಮೊದಲು ಬಂತೋ ಎಂಬುದರಲ್ಲಿ 1,850 ರೂಪಾಯಿಯ ಅಂತರ.

ಆರ್‌ಡಿ ಮಾಡಿಸುವುದು ಹೊಸ ವಿಷಯವಲ್ಲ, ಈ ಅಂಕಣದಲ್ಲೇ ಬೇಸರ ಬರುವಷ್ಟು ಸಲ ಬರೆದಿದ್ದೇನೆ. ಹೊಸದು ಏನೆಂದರೆ, ದುಡ್ಡು ಬಂದ ದಿನ ಮಕ್ಕಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ ಲೆಕ್ಕ ಹೇಳಿದ್ದು. ಅರ್ಧ ಮನೆಗೆ: ಊರಿಗೆ ಹೋಗಿಬರಲು, ಕಾಯಿಲೆ ಕಸಾಲೆಗೆ, ಉಳಿದರೆ ಶೂಗೆ. ಇನ್ನರ್ಧ ನಿಮ್ಮದು, ತಲಾ 4,500. ತರಗತಿಗೆ ಸೇರುತ್ತೀರೋ, ತಿಂದು ಮುಗಿಸುತ್ತೀರೋ ನಿಮಗೆ ಬಿಟ್ಟದ್ದು. ಆದರೆ ಖರ್ಚಾದದ್ದನ್ನೆಲ್ಲ ಬರೆಯಬೇಕು, ಮುಗಿದ ಮೇಲೆ ಕೇಳಬಾರದು. ಇಬ್ಬರಿಗೂ ಒಂದೊಂದು ನೂರು ಪುಟದ ನೋಟ್‌ಬುಕ್ ಕೊಟ್ಟೆ. ಮಗಳಿಗೆ ಆಗ ಹದಿಮೂರು, ಮಗನಿಗೆ ಹನ್ನೊಂದು.

ಮಗ ಮೊದಲ ನಾಲ್ಕು ದಿನದಲ್ಲಿ 1,400 ಉಡಾಯಿಸಿದ. ಮಾಲಿನ ಆಟದ ಕಾರ್ಡಿಗೆ ಐನೂರು, ಮಾರನೆಯ ದಿನ ಮತ್ತೆ ಐನೂರು, ಉಳಿದದ್ದು ಪಿಜ್ಜಾ ಮತ್ತು ಆಟೊ. ಕಾರ್ಡಿನಲ್ಲಿ ಅರವತ್ತು ರೂಪಾಯಿ ಉಳಿದಿತ್ತು. ಆ ದುಡ್ಡಿಗೆ ಯಾವ ಆಟವೂ ಸಿಗುವುದಿಲ್ಲ, ವಾಪಸೂ ಕೊಡುವುದಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಈ ಇಡೀ ಪ್ರಯೋಗದಲ್ಲಿ ನನಗೆ ಅತಿ ಕಷ್ಟವಾದದ್ದು ಅದೇ. ಮಗಳು ವಾರಗಟ್ಟಲೆ ಒಂದು ಪೈಸೆ ಬಿಚ್ಚಲಿಲ್ಲ. ಮೂರು ಕಡೆ ವಿಚಾರಿಸಿ, ಕೊನೆಗೆ ಈಜು ಕಲಿಯಲು ಹನ್ನೆರಡು ದಿನಕ್ಕೆ 2,000 ಕಟ್ಟಿದಳು. ಒಂದು ದಿನವೂ ತಪ್ಪಿಸಲಿಲ್ಲ. ನಾನು ಕಟ್ಟಿದ 11,000ಕ್ಕೆ ನಾಲ್ಕು ದಿನ, ಅವಳೇ ಕಟ್ಟಿದ 2,000ಕ್ಕೆ ಹನ್ನೆರಡು ದಿನ.

ಕಡಿಮೆ ದುಡ್ಡಿನ ಒಳ್ಳೆಯ ಜಾಗಗಳು ಇಲ್ಲವೆಂದಲ್ಲ. ಮೈಸೂರಿನ ರಂಗಾಯಣದ ಚಿಣ್ಣರ ಮೇಳವಿದೆ, ಕಬ್ಬನ್ ಪಾರ್ಕಿನ ಬಾಲಭವನದ ಶಿಬಿರವಿದೆ. ಆದರೆ ಅವನ್ನು ಮಾರ್ಚಿನಲ್ಲೇ ವಿಚಾರಿಸಬೇಕು. ಏಪ್ರಿಲ್‌ನಲ್ಲಿ ಎಚ್ಚರಾದವರಿಗೆ ಉಳಿಯುವುದು ದುಬಾರಿಯವು. ಒಂದು ದಿನ ಮೆಟ್ರೊದಲ್ಲಿ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಮುಂದೆ ಮಗ ಕದಲದೆ ನಿಂತ. ಇಂಥ ಕಡೆ ಜೇಬು ಖಾಲಿ ಮಾಡುವುದು ಟಿಕೆಟ್ಟಲ್ಲ, ಹೊಟ್ಟೆ. ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆವು.

ಏಪ್ರಿಲ್ ಕೊನೆಗೆ ಕಡೂರಿನ ಹತ್ತಿರದ ನಮ್ಮೂರಿಗೆ ಹೊರಟೆವು. ರೈಲಾದರೆ 5 ದಾಟಿದ, 12 ತುಂಬದ ಮಕ್ಕಳಿಗೆ ಬೇರೆ ಬರ್ತ್ ಬೇಕೆಂದರೆ ಪೂರ್ತಿ ದರ. ಹಾಗಾಗಿ ಕೆಂಪು ಬಸ್ಸು ಹತ್ತಿದೆವು. ನನಗೂ ಮಗಳಿಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. 2023ರ ಜೂನ್ 11ರಿಂದ ಸಾಮಾನ್ಯ ಬಸ್ಸುಗಳಲ್ಲಿ ಇರುವ ಸೌಲಭ್ಯ. ಮಗನಿಗೆ ಅರ್ಧ ಟಿಕೆಟ್. ‘ಮೂರು ಜನದಲ್ಲಿ ನಾನೊಬ್ನೇ ದುಡ್ಡು ಕೊಡೋದಾ?’ ಎಂದು ಕಂಡಕ್ಟರನ್ನೇ ಕೇಳಿದ. ಅವರು ನಕ್ಕು, ‘ನಿಮ್ಮಪ್ಪ ಬಂದಿದ್ರೆ ಫುಲ್ಲು ಕೊಡ್ತಿದ್ರು, ಸುಮ್ನಿರು’ ಎಂದರು.

ಊರಿಗೆ ಹೋಗುವ ಹೊತ್ತಿಗೆ ಮಗನ ಕೈಯಲ್ಲಿ ದುಡ್ಡು ಸವೆದಿತ್ತು, ಅಕ್ಕನ ಕೈಯಲ್ಲಿ ಇತ್ತು. ಆ ಸಂಕಟದಿಂದಲೇ ಇರಬೇಕು, ನಮ್ಮವ್ವ ಮಾಳಿಗೆಯ ಮೇಲೆ ಸಂಡಿಗೆ ಹಾಕುವುದನ್ನು ಕಂಡು ಅವನಿಗೆ ವ್ಯಾಪಾರ ಹೊಳೆಯಿತು. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾರಿದರೆ ಹೇಗೆ? ಅಕ್ಕನನ್ನೂ ಪಾಲಿಗೆ ಸೇರಿಸಿಕೊಂಡ. ಆರು ಕಿಲೊ ಅಕ್ಕಿ ತಂದು, ಎರಡು ಪಾಲು ಮಾಡಿದರು. ಮೂರು ದಿನ ನೀರು ಬದಲಿಸುತ್ತ ನೆನೆಹಾಕಿದ ಅಕ್ಕಿ ರುಬ್ಬಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು ಹಾಕಿ ಹಿಟ್ಟು ಬೇಯಿಸುವಾಗ ಅವ್ವ ಐದು ಗಂಟೆಗೇ ಒಲೆಯ ಮುಂದೆ. ತಿರುವುತ್ತ ತಿರುವುತ್ತ ಹಿಟ್ಟು ಬಿಗಿಯಾದಂತೆ ಅವಳ ತೋಳು ನಡುಗುತ್ತಿತ್ತು. ಬಿಸಿ ಆರುವ ಮೊದಲೇ ಒರಳಿಗೆ ತುಂಬಿ ಒತ್ತಬೇಕು. ಮಗ ಎರಡು ಸಲ ಒತ್ತಿ ಅಂಗೈ ಕೆಂಪು ಮಾಡಿಕೊಂಡ. ಕಾಗೆ ಕಾಯುವ ಕೆಲಸಕ್ಕೆ ಕೊಡೆ ಹಿಡಿದು ಕೂತ.

ಮೊದಲ ಪಾಲು ಒಣಗಲು ಹಾಕಿದ ದಿನ ಮಧ್ಯಾಹ್ನ ಭರಣಿ ಮಳೆ ಹೊಡೆಯಿತು. ಮೂವರೂ ಮೆಟ್ಟಿಲು ಹತ್ತುವುದರೊಳಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಗಂಜಿ ಹರಿಯುತ್ತಿತ್ತು. ಎಮ್ಮೆಗೆ ಸುರಿದೆವು.

ಎರಡನೆಯ ಪಾಲು ಗರಿಗರಿಯಾಗಿ ಒಣಗಿತು. ಕಾಲು ಕಿಲೊದ ಹನ್ನೆರಡು ಪೊಟ್ಟಣ. ಎರಡು ಮನೆಗೇ ಇಟ್ಟುಕೊಂಡೆವು, ಹತ್ತನ್ನು 80ರಂತೆ ಮಾರಿದರು. 800 ಬಂತು. ಅಕ್ಕಿಗೆ 270, ಸಾಮಾನಿಗೆ 130, ಹಾಳೆಗೆ 120, ಕವರಿಗೆ 40. ಕಳೆದರೆ 240 ಲಾಭ. ಮಳೆಗೆ ಹೋದ ಅಕ್ಕಿಯನ್ನೂ ಮಗ ಖರ್ಚಿನಲ್ಲಿ ಸೇರಿಸಿದ್ದ, ಅದು ನನಗೆ ಖುಷಿ ಕೊಟ್ಟಿತು. ದೊಡ್ಡವರೇ ಷೇರಿನ ಮಾತು ಬಂದಾಗ ಮುಳುಗಿದ್ದನ್ನು ಬಿಟ್ಟು ಎದ್ದದ್ದನ್ನಷ್ಟೇ ಹೇಳುತ್ತಾರೆ. ಆದರೆ ಮಗಳು ನೋಟ್‌ಬುಕ್ ಎಳೆದುಕೊಂಡು ಕೇಳಿದಳು: ‘ಅಜ್ಜಿ ಕೂಲಿ ಎಲ್ಲೋ?’

ಫೋನ್ ಮಾಡಿದರು. ಸ್ಪೀಕರಿನಲ್ಲಿ ಅವ್ವನ ನಗು ಕೇಳಿಸಿತು. ‘ಏನ್ಲಾ ಮಗ, ಕೂಲಿ ಕೊಡ್ತೀಯ? ಕೊಡಂಗಿದ್ರೆ ನಿಮ್ಮವ್ವ ಹುಟ್ಟಿದಾಗಿಂದ ಲೆಕ್ಕ ಹಾಕು, ಬಾಕಿ ಬಾಳ ಐತೆ.’ ನಾನು ಒಲೆಯ ಕಡೆ ತಿರುಗಿಕೊಂಡೆ. ಮಕ್ಕಳು ಊರಲ್ಲಿ ಹೆಣ್ಣಾಳಿಗೆ ದಿನಕ್ಕೆ ಎಷ್ಟು ಎಂದು ಕೇಳಿಕೊಂಡು, ನಾಲ್ಕು ಬೆಳಗಿಗೆ ಗುಣಿಸಿದರು. ಲಾಭ ಹೋಗಿ ನಷ್ಟವೇ ನಿಂತಿತು. ಪೊಟ್ಟಣಕ್ಕೆ ಎಷ್ಟಿಟ್ಟರೆ ಗಿಟ್ಟುತ್ತಿತ್ತು, ಅಷ್ಟಕ್ಕೆ ಎದುರುಮನೆ ಆಂಟಿ ಕೊಳ್ಳುತ್ತಿದ್ದರೇ ಎಂದು ರಾತ್ರಿ ಹತ್ತರವರೆಗೆ ವಾದ. ಬೆಲೆ, ಕೂಲಿ, ಗಿರಾಕಿ ಈ ಮೂರನ್ನೂ ನಾನು ಕೂರಿಸಿ ಪಾಠ ಮಾಡಿದ್ದರೆ ಹತ್ತು ನಿಮಿಷಕ್ಕೆ ಎದ್ದು ಹೋಗಿರುತ್ತಿದ್ದರು.

ರಜೆ ಮುಗಿದಾಗ ಮಗಳ ಬಳಿ 1,100 ಉಳಿದಿತ್ತು. ಹತ್ತು ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು, ಬ್ಯಾಂಕು ಹಾಕುವ ಮಿತಿಯೊಳಗೆ ತಾವೇ ನಡೆಸಬಹುದು. ಈ ಬಗ್ಗೆ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಪರಿಷ್ಕೃತ ಸೂಚನೆ ಹೊರಡಿಸಿದೆ. ಅವಳ ಹೆಸರಿನಲ್ಲಿ ಒಂದು ತೆರೆದೆವು. ಅಂಥ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವಂತಿಲ್ಲ, ಓವರ್‌ಡ್ರಾಫ್ಟ್ ಇಲ್ಲವೇ ಇಲ್ಲ. ಅವಳ ಅಮ್ಮನ ಕಾರ್ಡಿಗೂ ಆ ನಿಯಮ ಇರಬೇಕಿತ್ತು.

ಮೊನ್ನೆ ರದ್ದಿಗೆ ಹಾಕಲು ಹಳೆಯ ಪುಸ್ತಕ ವಿಂಗಡಿಸುವಾಗ ಮಗನ ನೋಟ್‌ಬುಕ್ ಸಿಕ್ಕಿತು. ಕೊನೆಯ ಪುಟದಲ್ಲಿ ‘ಮುಂದಿನ ಬೇಸಿಗೆ’ ಎಂದು ತಲೆಬರಹ ಬರೆದು, ಕೆಳಗೆ ಗೆರೆ ಎಳೆದಿದ್ದಾನೆ. ಮೊದಲ ಸಾಲು: ‘12 ತುಂಬುತ್ತೆ. ಫುಲ್ ಟಿಕೆಟ್.’ ಎರಡನೆಯ ಸಾಲು: ‘ಅಜ್ಜಿಗೆ ಬಾಕಿ.’ ಅದರ ಮುಂದೆ ರೂಪಾಯಿ ಚಿಹ್ನೆ ಹಾಕಿ, ಮೊತ್ತದ ಜಾಗವನ್ನು ಖಾಲಿ ಬಿಟ್ಟಿದ್ದಾನೆ.